ಏಳನೆಯ ಹೋಟೆಲಿನ ಚೀಟಿ

ಗುಂಡಿ ಅಂಗಡಿಯ ದೊಡ್ಡಮ್ಮ ಎಂದು ಎಲ್ಲರಿಗೂ ಗೊತ್ತಿರುವ ನಾನು, ವಯಸ್ಸು ಅರವತ್ತೇಳು, ಉದ್ಯೋಗ ಗುಂಡಿ, ದಾರ ಮತ್ತು ಲೇಸಿನ ವ್ಯಾಪಾರ, ವಾಸ ಸೇತುವೆ ಪಕ್ಕದ ಬೀದಿಯಲ್ಲಿ ಅದೇ ಅಂಗಡಿಯ ಮೇಲಿನ ಮಹಡಿ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವ ಸಂಗತಿ ಏನೆಂದರೆ:

ನಾನು ಪ್ರೌಢಶಾಲೆ ಮುಗಿಸಿದ್ದೇನೆ. ನಮ್ಮ ಮನೆಯಲ್ಲಿ ಒಂಬತ್ತು ಜನ ಇದ್ದೆವು, ಈಗ ಎಂಟು. ಮನೆಯ ಮತ್ತು ಅಂಗಡಿಯ ಬೀಗದ ಕೈಗಳು ಮೂವತ್ತೊಂಬತ್ತು ವರ್ಷಗಳಿಂದ ನನ್ನ ಸೊಂಟದಲ್ಲಿವೆ. ನನ್ನನ್ನು ಕೇಳದೆ ಆ ಮನೆಯ ಗೋಡೆಗೆ ಯಾರೂ ಒಂದು ಮೊಳೆ ಹೊಡೆದವರಿಲ್ಲ. ಲೇಸು ಅಳೆದು ಕತ್ತರಿಸುವುದು ನನ್ನ ಕಸುಬಾದ್ದರಿಂದ ಕೆಳಗೆ ಹೇಳುವ ದೂರಗಳು ಕಣ್ಣಳತೆಯವಾದರೂ ಸರಿಯಾಗಿವೆ. ವೇಳೆಗಳು ನನ್ನ ಕೈಗಡಿಯಾರದವು. ಠಾಣೆಯ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ.

ಮೊನ್ನೆ ಗುರುವಾರ ಸಂಜೆ ನನ್ನ ಹಿರಿಯ ಮಗ, ಕೋರ್ಟಿನಲ್ಲಿ ಬೆರಳಚ್ಚು ಕೆಲಸ ಮಾಡುವವನು, ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದಾನೆ. ಆ ದೂರಿನ ಮೇಲೆ ಉದ್ಯಾನದ ಎದುರಿನ ದೊಡ್ಡ ಹೋಟೆಲಿನ ಮುಖ್ಯ ಅಡುಗೆಯಾಕೆಯನ್ನು ತಾವು ಅಂದಿನಿಂದ ಇಲ್ಲಿ ಕೂರಿಸಿಕೊಂಡಿದ್ದೀರಿ. ಆಕೆ ಮಾಡಿದ ಊಟ ಉಂಡು ನನ್ನ ಗಂಡ ತೀರಿಕೊಂಡರು ಎಂದು ಬರೆದಿರುವುದು ನಿಜ. ಉಳಿದದ್ದು ನಿಜವಲ್ಲ. ಮೊದಲಿನಿಂದ ಹೇಳುತ್ತೇನೆ.

ನನ್ನ ಗಂಡ ದರ್ಜಿ. ಮೂವತ್ತು ವರ್ಷ ಈ ಊರಿನ ದೊಡ್ಡ ಹೋಟೆಲುಗಳಿಗೆ ಮೇಜಿನ ಹಾಸು, ಮಡಿಲ ಮೇಲೆ ಹಾಸಿಕೊಳ್ಳುವ ಬಿಳಿ ಬಟ್ಟೆ ಇವುಗಳಿಗೆ ಅಂಚು ಹೊಲಿದು ಕೊಟ್ಟವರು. ಸರಕನ್ನು ಹಿಂಬಾಗಿಲಲ್ಲಿ ಇಳಿಸಿ ಬರುತ್ತಿದ್ದರು. ಮುಂಬಾಗಿಲಿನಿಂದ ಒಂದು ಸಲವೂ ಒಳಗೆ ಹೋದವರಲ್ಲ. ಕಣ್ಣು ಮಂಜಾಗಿ ಹೊಲಿಗೆ ನಿಲ್ಲಿಸಿದ ಮೇಲೆ ಅವರು ನನ್ನ ಬಳಿ ಕೇಳಿದ್ದು ಒಂದೇ. ನಾನು ಹೊಲಿದ ಬಟ್ಟೆಯ ಮುಂದೆ ಕೂತು ಒಂದು ಒಳ್ಳೆ ಊಟ ಮಾಡಬೇಕು ಕಣೇ ಎಂದರು. ನಲವತ್ತಾರು ವರ್ಷದ ಸಂಸಾರದಲ್ಲಿ ಅವರು ಬೇರೆ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ.

ನಾವು ಹುಟ್ಟಿದಾಗಿನಿಂದ ಸಸ್ಯಾಹಾರಿಗಳು. ಮಾಂಸ, ಮೀನು, ಮೊಟ್ಟೆ, ಎಲುಬು ಕುದಿಸಿದ ನೀರು ಮುಟ್ಟುವುದಿಲ್ಲ. ಅಂಗಡಿಗೆ ಗುರುವಾರ ರಜೆ. ಹೋದ ವರ್ಷದಿಂದ ತಿಂಗಳಿಗೊಂದು ಗುರುವಾರ ಮಧ್ಯಾಹ್ನ ನಾವಿಬ್ಬರೂ ಒಂದೊಂದು ದೊಡ್ಡ ಹೋಟೆಲಿಗೆ ಹೋಗುತ್ತಿದ್ದೆವು. ಆರು ಹೋಟೆಲು ಆಯಿತು. ಮೊದಲನೆಯದರಲ್ಲಿ ಬೇಯಿಸಿದ ಕ್ಯಾರೆಟ್ ಮೂರು ತುಂಡು ಮತ್ತು ಎಲೆಗಳು ಬಂದವು. ಎರಡನೆಯದರಲ್ಲಿ ಮಾಂಸ ಎತ್ತಿ ಹಾಕಿ ಅದೇ ತಟ್ಟೆ ತಂದರು, ಗುರುತು ಉಳಿದಿತ್ತು. ನಾನು ಎದ್ದು ಬಂದೆ. ನಾಲ್ಕನೆಯದರಲ್ಲಿ ಮತ್ತೆ ಎಲೆ. ನನ್ನ ಗಂಡ ಉಳಿದ ಕಡೆಯೆಲ್ಲ ತಟ್ಟೆ ಖಾಲಿ ಮಾಡಿ, ಮೇಕೆ ಮುಂದೆ ಹಾಕಿದ್ರೆ ಮೇವು, ಮೇಜಿನ ಮೇಲೆ ಹಾಕಿದ್ರೆ ಊಟ, ಬಿಡೇ ಎಂದು ನಗುತ್ತಿದ್ದರು. ಮನೆಗೆ ಬಂದು ಬ್ರೆಡ್ ತಿನ್ನುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಐದನೆಯ ಹೋಟೆಲಿನಲ್ಲಿ ನಾನು ಆಗದ ಪದಾರ್ಥಗಳನ್ನು ಹೇಳುತ್ತಿದ್ದಾಗ ಬಡಿಸುವವನು ಬರೆಯುವುದನ್ನು ನಿಲ್ಲಿಸಿದ. ಅಮ್ಮ, ನೀವು ಬೇಡ ಅಂದಷ್ಟೂ ಅಡುಗೆಮನೇಲಿ ಕೈ ಕಟ್ಟಿಹೋಗುತ್ತೆ, ಕೊನೆಗೆ ಉಳಿಯೋದು ಕ್ಯಾರೆಟ್ಟೇ ಎಂದ. ಆ ಮಾತು ನನ್ನ ತಲೆಯಲ್ಲಿ ಕೂತಿತು.

ನನ್ನ ಗಂಡನಿಗೆ ಗೋಡಂಬಿ ಆಗುತ್ತಿರಲಿಲ್ಲ. ಮದುವೆಯಾದ ಮೇಲೆ ಎರಡು ಸಲ ತಿಂದು ತುಟಿ, ಕಣ್ಣು ಊದಿಕೊಂಡಿದ್ದವು. ಎರಡು ಸಲವೂ ಮಾತ್ರೆ ಕೊಟ್ಟು ಒಂದು ಗಂಟೆಯೊಳಗೆ ಇಳಿದಿತ್ತು. ಮೂರನೇ ಸಲ ಹೀಗೇ ಇರುತ್ತೆ ಅಂತ ನಂಬಬೇಡಿ ಎಂದು ಡಾಕ್ಟರು ಹೇಳಿದ್ದರು. ಮೂವತ್ತೊಂದು ವರ್ಷದಿಂದ ನನ್ನ ಅಡುಗೆಮನೆಯೊಳಗೆ ಗೋಡಂಬಿ ಬಂದಿಲ್ಲ. ಮಾತ್ರೆ ಯಾವಾಗಲೂ ನನ್ನ ಕೈಚೀಲದ ಒಳಜೇಬಿನಲ್ಲಿರುತ್ತದೆ.

ಏಳನೆಯ ಹೋಟೆಲು ಉದ್ಯಾನದ ಎದುರಿನದು. ಅಲ್ಲಿ ಮುಂಚಿತವಾಗಿ ಮೇಜು ಹೇಳಿದವರಿಗೆ ಒಂದು ಚೀಟಿ ಕಳಿಸುತ್ತಾರೆ. ಆಗದ ಪದಾರ್ಥಗಳನ್ನು ಬರೆದು ಸಹಿ ಮಾಡಬೇಕು. ಅಡಿಯಲ್ಲಿ ಕಾರ್ಬನ್ ಇದ್ದು, ಮೇಲಿನದು ಹೋಟೆಲಿಗೆ, ಅಡಿಯ ಪ್ರತಿ ನಮಗೆ. ಕಳೆದ ಮೂರನೇ ತಾರೀಕು ಮಂಗಳವಾರ ಬೆಳಿಗ್ಗೆ 11.00ಕ್ಕೆ ಅಂಗಡಿಯಲ್ಲಿ ಕೂತು ನಾನೇ ಅದನ್ನು ತುಂಬಿದೆ. ಮಾಂಸ, ಮೀನು, ಮೊಟ್ಟೆ, ಎಲುಬಿನ ನೀರು ಎಂದು ಬರೆದೆ. ನನ್ನ ಗಂಡ ಎರಡು ಮೀಟರ್ ಆಚೆ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಗೋಡಂಬಿ ಬರೆದ್ಯಾ ಎಂದು ಕೇಳಿದರು. ಅದನ್ನೂ ಬರೆದ್ರೆ ಮತ್ತೆ ಕ್ಯಾರೆಟ್ ತಿನ್ನಿ ಎಂದೆ. ಅಯ್ಯೋ ಹಾಗಾದ್ರೆ ಬೇಡಮ್ಮ ತಾಯಿ ಎಂದು ಕೈ ಮುಗಿದು ನಕ್ಕರು. ಕೊನೆಯ ಸಾಲಿನಲ್ಲಿ, ಬೇರೆ ಏನಾದರೂ ಇದ್ದರೆ, ಎಂದು ಅಚ್ಚಾಗಿತ್ತು. ಬೇರೇನೂ ಇಲ್ಲ ಎಂದು ಬರೆದು ಅಡಿಗೆರೆ ಎಳೆದೆ. ಗೋಡಂಬಿ ಕಣ್ಣಿಗೆ ಕಾಣುವ ವಸ್ತು, ತಟ್ಟೆಯಲ್ಲಿದ್ದರೆ ನಾನೇ ಎತ್ತಿಡುತ್ತೇನೆ ಎಂದುಕೊಂಡಿದ್ದೆ.

ಹನ್ನೆರಡನೇ ತಾರೀಕು ಗುರುವಾರ ಮಧ್ಯಾಹ್ನ 12.35ಕ್ಕೆ ಹೋಟೆಲು ತಲುಪಿದೆವು. ಮುಂಬಾಗಿಲಿನಲ್ಲಿ ಅವರು ಒಂದು ಕ್ಷಣ ನಿಂತು ಬೂಟನ್ನು ಎರಡು ಸಲ ಒರೆಸಿಕೊಂಡರು. ಬಾಗಿಲ ಬಳಿ ಬಂದವರ ಸಾಮಾನು ಇಟ್ಟುಕೊಳ್ಳುವ ಕಟ್ಟೆಯಲ್ಲಿ ನಮ್ಮ ಕೋಟು, ನನ್ನ ಕೈಚೀಲ ತೆಗೆದುಕೊಂಡು 31ನೇ ನಂಬರಿನ ಬಿಲ್ಲೆ ಕೊಟ್ಟರು. ಅದನ್ನು ನನ್ನ ಗಂಡ ಅಂಗಿಯ ಜೇಬಿಗೆ ಹಾಕಿಕೊಂಡರು. ಮೇಜು ಕಿಟಕಿಯ ಪಕ್ಕದಲ್ಲಿತ್ತು. ಕಟ್ಟೆಯಿಂದ ಮೇಜಿಗೆ ಇಪ್ಪತ್ತೆರಡು ಮೀಟರ್, ನಡುವೆ ಮೂರು ಮೆಟ್ಟಿಲು.

ಕೂತ ಕೂಡಲೇ ಅವರು ಮಡಿಲ ಬಟ್ಟೆಯನ್ನು ತಿರುಗಿಸಿ ಅಂಚು ನೋಡಿದರು. ಆರು ಹೋಟೆಲಿನಲ್ಲೂ ನೋಡಿದ್ದರು, ಎಲ್ಲ ಕಡೆ ಹೊಸ ಮೆಷಿನ್ ಹೊಲಿಗೆ ಇತ್ತು. ಇಲ್ಲಿ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಇವಳೇ, ಇದು ನನ್ನ ಕೈ ಎಂದರು. ನಾನೂ ನೋಡಿದೆ. ಮೂಲೆಯಲ್ಲಿ ಎರಡು ಮಡಿಕೆ, ಅವರದೇ.

12.50ಕ್ಕೆ ಮುಖ್ಯ ಅಡುಗೆಯಾಕೆ ನಮ್ಮ ಚೀಟಿ ಹಿಡಿದು ಮೇಜಿನ ಬಳಿ ಬಂದರು. ನಾಲ್ಕು ದಿನದಿಂದ ನಿಮ್ಮ ಊಟದ ಮೇಲೇ ಕೂತಿದೀನಿ ಅಮ್ಮ, ಎಲುಬಿನ ನೀರಿಲ್ಲದೆ ಸೂಪು ನೀರ್ನೀರಾಗೇ ಇತ್ತು, ಮೈ ಬರ್ಲಿಲ್ಲ, ಈಗ ಬಂದಿದೆ ಎಂದರು. ಆಮೇಲೆ, ಚೀಟಿ ನೋಡಿದೆ, ಆದ್ರೂ ಇನ್ನೊಂದ್ಸಲ ಕೇಳ್ತೀನಿ, ಹಾಲು, ಕಾಳು, ಬೀಜ, ಇಂಥದ್ದು ಏನಾದ್ರೂ ಆಗಲ್ವಾ ಎಂದು ಕೇಳಿದರು. ಇಬ್ಬರನ್ನೂ ನೋಡಿಯೇ ಕೇಳಿದರು. ನನ್ನ ಗಂಡ ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ. ನಲವತ್ತಾರು ವರ್ಷದಲ್ಲಿ ನಾನು ಹಾಗೆ ನೋಡಿದ ಮೇಲೆ ಅವರು ಮಾತಾಡಿದ್ದಿಲ್ಲ. ಅವತ್ತೂ ಮಾತಾಡಲಿಲ್ಲ. ಬೇರೇನೂ ಇಲ್ಲ ಎಂದು ನಾನು ಹೇಳಿದೆ.

1.05ಕ್ಕೆ ಎಳೆಯ ಬಟಾಣಿಯ ಒಂದು ತಟ್ಟೆ ಬಂತು. 1.20ಕ್ಕೆ ಕುಂಬಳಕಾಯಿ ಸೂಪು ಬಂತು. ಕಿತ್ತಳೆ ಬಣ್ಣ, ಮೇಲೆ ನಾಲ್ಕು ಹನಿ ಹಸಿರು ಎಣ್ಣೆ. ಒಳಗೆ ತುಂಡು ಯಾವುದೂ ಇರಲಿಲ್ಲ, ನಾನು ಚಮಚದಿಂದ ಕದಡಿ ನೋಡಿದ್ದೇನೆ. ಅವರು ಎರಡು ಗುಟುಕು ಕುಡಿದು ಚಮಚ ಕೆಳಗಿಟ್ಟರು. ಇವಳೇ, ಇದನ್ನ ಯಾರೋ ನಮಗೋಸ್ಕರ ಅಂತಾನೇ ಮಾಡಿದಾರೆ ಎಂದರು. ಪೂರ್ತಿ ಕುಡಿದು ಬ್ರೆಡ್ಡಿನಿಂದ ಬಟ್ಟಲನ್ನು ಒರೆಸಿದರು. ಸಭ್ಯರು ಹಾಗೆ ಮಾಡಲ್ಲ ರೀ ಎಂದೆ. ಸಭ್ಯರಿಗೆ ಹಸಿವಿಲ್ಲ ಬಿಡು ಎಂದರು. ನಾನೂ ಪೂರ್ತಿ ಕುಡಿದೆ. ಅದು ಒಳ್ಳೆಯ ಸೂಪು. ಇದನ್ನೂ ಬರೆದುಕೊಳ್ಳಿ ಎಂದು ಹೇಳಿ ಬರೆಸಿದ್ದೇನೆ.

1.31ಕ್ಕೆ ಅವರು ಕುತ್ತಿಗೆ ಕೆರೆದುಕೊಂಡರು. 1.34ಕ್ಕೆ ಗಂಟಲು ಬಿಗೀತಾ ಇದೆ ಕಣೇ ಎಂದರು. ತುಟಿ ಆಗಲೇ ಊದಿತ್ತು. ನಾನು ಎದ್ದು ಬಾಗಿಲ ಕಟ್ಟೆಗೆ ಹೋಗಿ ಕೈಚೀಲ ಕೇಳಿದೆ. ಅಲ್ಲಿದ್ದವನು ಬಿಲ್ಲೆ ಕೇಳಿದ. ಬಿಲ್ಲೆ ಅವರ ಜೇಬಿನಲ್ಲಿತ್ತು. ಮೇಜಿಗೆ ವಾಪಸು ಬಂದು, ಬಿಲ್ಲೆ ತೆಗೆದು, ಮತ್ತೆ ಹೋಗಿ, ಚೀಲ ತಂದೆ. ಒಟ್ಟು ಎಂಬತ್ತೆಂಟು ಮೀಟರ್, ಮೆಟ್ಟಿಲು ಹನ್ನೆರಡು. ಕೂಗಿದ್ದರೆ ಬಿಲ್ಲೆ ಇಲ್ಲದೆಯೂ ಕೊಡುತ್ತಿದ್ದನೋ ಏನೋ. ಅಂಥ ಜಾಗದಲ್ಲಿ ನಾನು ಕೂಗಲಿಲ್ಲ. 1.39ಕ್ಕೆ ಮಾತ್ರೆ ಬಾಯಿಗೆ ಹಾಕಿದೆ. ಅವರಿಗೆ ನುಂಗಲು ಆಗಲಿಲ್ಲ.

ಅಷ್ಟರಲ್ಲಿ ಅಡುಗೆಯಾಕೆ ಓಡಿ ಬಂದಿದ್ದರು. ನನ್ನ ಗಂಡನನ್ನು ನೆಲದ ಮೇಲೆ ಮಲಗಿಸಿ ತಮ್ಮ ಏಪ್ರನ್ ಮಡಿಸಿ ತಲೆಯ ಕೆಳಗಿಟ್ಟರು. ಆಂಬುಲೆನ್ಸಿಗೆ ಫೋನು ಮಾಡಿಸಿದ್ದೂ ಆಕೆಯೇ. ಏನು ತಿಂದ್ರೆ ಆಗಲ್ಲ ಇವ್ರಿಗೆ, ಅಮ್ಮ, ಹೇಳಿ, ಏನು ಆಗಲ್ಲ ಎಂದು ನನ್ನ ತೋಳು ಹಿಡಿದು ಕೇಳಿದರು. ಗೋಡಂಬಿ ಎಂದೆ. ಆಕೆ ನನ್ನ ಮುಖ ನೋಡಿದರು. ಸೂಪಿಗೆ ಮೈ ಬಂದದ್ದು ನುಣ್ಣಗೆ ಅರೆದ ಗೋಡಂಬಿಯಿಂದ ಎಂದು ಆಮೇಲೆ ತಿಳಿಯಿತು.

1.52ಕ್ಕೆ ಆಂಬುಲೆನ್ಸ್ ಬಂತು. 2.25ಕ್ಕೆ ಆಸ್ಪತ್ರೆಯ ಡಾಕ್ಟರು ಹೊರಗೆ ಬಂದು ಹೇಳಿದರು.

3.10ಕ್ಕೆ ಮಗ ಆಸ್ಪತ್ರೆಗೆ ಬಂದ. ಅಮ್ಮ, ಗೋಡಂಬಿ ಅಂತ ಬರೆದಿದ್ದೆ ತಾನೇ ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಬರೆಯದೆ ಇರುವವಳು ನಾನಲ್ಲ ಎಂದು ಅವನು ತಿಳಿದುಕೊಂಡ. ತಮ್ಮ ಇಲಾಖೆಯವರು ಬಂದಾಗ, ಅಮ್ಮ ಬರೆದೂ ಕೊಟ್ಟಿದ್ದರು, ಬಾಯಲ್ಲೂ ಹೇಳಿದ್ದರು, ಲೆಕ್ಕಿಸದೆ ಹಾಕಿದ್ದಾರೆ ಎಂದು ಹೇಳಿದ. ಆಂಬುಲೆನ್ಸಿನ ಹಿಂದೆಯೇ ಬಂದಿದ್ದ ಅಡುಗೆಯಾಕೆ, ನಾನು ಕೇಳಿದ್ದೆ ಸಾರ್, ಇಲ್ಲ ಅಂದ್ರು ಎಂದರು. ಚೀಟಿ ಎಲ್ಲಿ ತೋರ್ಸು ಎಂದು ಮಗ ಕೂಗಿದ. ತಟ್ಟೆ ಹೊರಗೆ ಹೋದ ಮೇಲೆ ಚೀಟಿ ಕಸಕ್ಕೆ ಹೋಗುವುದು ಆ ಅಡುಗೆಮನೆಯ ರೂಢಿಯಂತೆ. ನಾನು ಒಂದೂವರೆ ಮೀಟರ್ ದೂರದಲ್ಲಿ ನಿಂತಿದ್ದೆ. ನಮ್ಮ ಪ್ರತಿ ನನ್ನ ಚೀಲದಲ್ಲಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಆಕೆಯನ್ನು ಜೀಪಿನಲ್ಲಿ ಕರೆದುಕೊಂಡು ಹೋಗುವುದನ್ನು ನೋಡಿದೆ. ಏಪ್ರನ್ ಇಲ್ಲದೆ ಹೋದರು.

ಶುಕ್ರವಾರ ಬೆಳಿಗ್ಗೆ 11.00ಕ್ಕೆ ಅಂತ್ಯಕ್ರಿಯೆ ಮುಗಿಯಿತು. ಮಧ್ಯಾಹ್ನ 4.00ಕ್ಕೆ ಮಗನನ್ನು ಕರೆದು ನಮ್ಮ ಪ್ರತಿ ಕೊಟ್ಟೆ. ಅವನು ಓದಿ, ಹಿಂದೆ ಮುಂದೆ ತಿರುಗಿಸಿ, ಮತ್ತೆ ಓದಿದ. ಇದು ಯಾರ ಕಣ್ಣಿಗೂ ಬೀಳಬಾರ್ದು ಎಂದ. ಅಪ್ಪ ಅಂತೂ ಎದ್ದು ಬರಲ್ಲ, ಆ ಹೆಂಗಸಿಗೆ ಹೋಟೆಲಿನವರು ವಕೀಲರನ್ನ ಇಡ್ತಾರೆ, ನಿನ್ನನ್ನ ಕಟಕಟೇಲಿ ನೋಡೋಕೆ ನನ್ ಕೈಲಿ ಆಗಲ್ಲಮ್ಮ ಎಂದ. ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಅವನು ಕೆಟ್ಟವನಲ್ಲ. ನಾನು ಬೆಳೆಸಿದ ಹಾಗೆ ಬೆಳೆದಿದ್ದಾನೆ.

ಇವತ್ತು ಬೆಳಿಗ್ಗೆ 6.15ಕ್ಕೆ ಒಗೆಯಲು ಹಾಕಿದ್ದ ಅವನ ಅಂಗಿಯ ಜೇಬಿನಿಂದ ಚೀಟಿ ತೆಗೆದುಕೊಂಡೆ. ನನ್ನ ಚೀಲದಲ್ಲಿ ಹೋಟೆಲಿನ ಒಂದು ಬಿಳಿ ಬಟ್ಟೆಯೂ ಇತ್ತು. ಅವರ ಬಾಯಿ ಒರೆಸಿದವಳು ಕೈಯಲ್ಲೇ ಹಿಡಿದುಕೊಂಡು ಬಂದಿರಬೇಕು. ಅದು ನಮ್ಮ ಸೊತ್ತಲ್ಲ. ಒಗೆದು, ಇಸ್ತ್ರಿ ಮಾಡಿ, ಮೂಲೆ ಕಾಣುವಂತೆ ಮಡಿಸಿದೆ. ಮನೆಯಿಂದ ಠಾಣೆಗೆ ಸಾವಿರದ ನೂರು ಮೀಟರ್. ನಡೆದು ಬಂದೆ. 8.50ಕ್ಕೆ ಚೀಟಿಯನ್ನೂ ಬಟ್ಟೆಯನ್ನೂ ಮುಂದಿನ ಮೇಜಿನಲ್ಲಿ ಒಪ್ಪಿಸಿ, ಎರಡಕ್ಕೂ ಬೇರೆ ಬೇರೆ ರಸೀದಿ ತೆಗೆದುಕೊಂಡು, ಆಮೇಲೆ ಈ ಹೇಳಿಕೆಗೆ ಕೂತೆ. ಚೀಟಿಯ ಮೇಲಿನ ಕೈಬರಹ ನನ್ನದು. ಅಡಿಗೆರೆಯೂ ನನ್ನದು.

9.30ಕ್ಕೆ ಮಗ ಹುಡುಕಿಕೊಂಡು ಇಲ್ಲಿಗೆ ಬಂದ. ಅಮ್ಮ, ಏನ್ ಮಾಡ್ತಿದೀಯ ಗೊತ್ತಾ ನಿಂಗೆ ಎಂದು ಬಾಗಿಲಲ್ಲೇ ನಿಂತು ಕೇಳಿದ. ಗೊತ್ತು, ಹೋಗಿ ಅಂಗಡಿ ತೆಗಿ, ಬೀಗದ ಕೈ ನಿನ್ನ ಹೆಂಡತಿ ಹತ್ರ ಕೊಟ್ಟು ಬಂದಿದೀನಿ ಎಂದೆ. ಅವನು ನನ್ನ ಸೊಂಟ ನೋಡಿದ. ಆಮೇಲೆ ಹೋದ.

ನನ್ನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದು ತಾವು ಹೇಳಿದಿರಿ. ಅದು ತಮಗೆ ಬಿಟ್ಟದ್ದು. ಎರಡು ಜೊತೆ ಬಟ್ಟೆ, ನನ್ನ ರಕ್ತದೊತ್ತಡದ ಮಾತ್ರೆ ಮತ್ತು ಕನ್ನಡಕ ಕಟ್ಟಿಕೊಂಡೇ ಬಂದಿದ್ದೇನೆ, ಗಂಟು ಕುರ್ಚಿಯ ಕೆಳಗಿದೆ. ಒಳಗೆ ಬರುವಾಗ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ ಅಡುಗೆಯಾಕೆಯ ಮುಂದೆ ನಿಂತು, ನೀವು ಕೇಳಿದ್ರಿ, ನಾನು ಇಲ್ಲ ಅಂದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದೇನೆ. ಆಕೆ ಮನೆಗೆ ಹೋಗಬಹುದು.

ಇದನ್ನು ಯಾರೂ ನನಗೆ ಓದಿ ಹೇಳಬೇಕಾಗಲಿಲ್ಲ. ನಾನೇ ಎರಡು ಸಲ ಓದಿಕೊಂಡೆ. ಬರೆದಿರುವುದೆಲ್ಲ ನಿಜ, ಬಿಟ್ಟದ್ದು ಏನೂ ಇಲ್ಲ.

ಸ್ಥಳ: ಠಾಣೆಯ ಒಳಕೋಣೆ
ದಿನಾಂಕ: 14, ಶನಿವಾರ, ಬೆಳಿಗ್ಗೆ 10.25
(ಸಹಿ)