ಮಣಿಮಹೇಶದ ಮುಳುಗು

...ಮಣಿಮಹೇಶದ ಸರೋವರದಾಗ ನಾ ಮುಳುಗಿದಾಗ ನೀರಿನ ಮ್ಯಾಲೆ ಗೇಣು ದಪ್ಪ ಹಿಮ ಇತ್ತು, ವೇದಾ. ಮೊಣಕೈಲೆ ಒಡದೆ. ನೋಡಿದಾಂವ ಒಬ್ಬನ, ಜೋಡಿ ಬಂದಿದ್ದ ನನ್ನ ಗೆಳ್ಯಾ ಜಗನ್ನಾಥ. ಅವನೂ ಹೋದ ಕಾರ್ತೀಕದಾಗ ಕೈಲಾಸಕ್ಕ ಹೋದ. ಸುಳ್ಳಂದ್ರ ಅಲ್ಲಿಗೇ ಹೋಗಿ ಕೇಳು.

ನಗಬ್ಯಾಡ. ರೊಟ್ಟಿ ನೀಡು.

ನಿನ್ನೆ ನೀನ ಅಂದಿ. ನೀವು ಡಾಕ್ಟರ್ ಮಂದಿ ಹಿಮಾಚಲಕ್ಕ ಹೊಂಟೀರಿ, ಆ ಸರೋವರದ ತನಕ ಗುಡ್ಡ ಹತ್ತಾಕ. "ಮಾವಾರ, ಮೊದಲ ಒಮ್ಮೆ ಅಷ್ಟು ಎತ್ತರ ಏರಿ ಮೈ ತಡಕೊಂಡಿದ್ರ ನೀವೂ ಬರ್ರಿ" ಅಂದಿ. ಏರೇನಿ ಅಂದೆ. ಮತ್ತ ಯಾಕ ಮುಂಜಾನಿಂದ ಬೆರಳಿಗೆ ಆ ಉಸರು ಅಳಿಯೋ ಚಿಮಟಾ ಹಚ್ಚತಿ? ದವಾಖಾನಿಯೊಳಗ ನೀ ಡಾಕ್ಟರ್, ಮನಿಯೊಳಗ ಸೊಸಿ.

ಏನು? ಮೊನ್ನೆ ಲಿಫ್ಟ್ ಕೆಟ್ಟಾಗ ಮೂರನೇ ಮಾಳಿಗಿಗೆ ತೇಕಕೋತ ಬಂದೆ ಅಂತೀಯಾ? ಅದು ಮೆಟ್ಟಲವ್ವಾ, ಮನಷಾರು ಕಟ್ಟಿದ್ದು. ಗುಡ್ಡ ಶಿವಂದು, ಎಂಥವನ ಕಾಲಿಗೂ ಹೊಂದತೈತಿ. ಈ ಇಂಗ್ಲಿಷರ ಊರು ಟೂಟಿಂಗ್‌ನ್ಯಾಗ ಗುಡ್ಡ ಇಲ್ಲ, ಅದಕ್ಕ ನನಗ ಉಸರು ಕಟ್ಟತೈತಿ.

ಕರಡಿ ಕಥಿ ಹೇಳಿದ್ನಿಲ್ಲ? ಅರ್ಧ ದಾರಿಯೊಳಗ, ಧಾಂಚೋ ಅನ್ನೋ ಬಯಲಿನ್ಯಾಗ ಡೇರೆ ಹಾಕಿದ್ವಿ. ಬಂತು ಕರಡಿ. ನನ್ನ ಹಣಿ ಮ್ಯಾಲಿನ ವಿಭೂತಿ ನೋಡಿ ತಲಿ ಬಗ್ಗಿಸಿ ದಾರಿ ಬಿಟ್ಟಿತು. ...ಹೋದ ಸಲ ಚಿರತಿ ಅಂದಿದ್ನಾ? ಎರಡೂ ಬಂದಿದ್ವು.

ಧಾಂಚೋದಿಂದ ಮುಂದ? ಮುಂದ ಏನು... ದಾರಿ. ಕಲ್ಲು. ಮಂಜು. ಆಮ್ಯಾಲೆ ಸರೋವರ. ಇನ್ನೇನ ಇರತೈತಿ ಮುಂದ?

ನಂಬಿಕಿ ಬರವಲ್ದು ನಿನಗ. ಹಂಗಾರ ಕೇಳು. ತೀರ್ಥಕ್ಕ ಹೋದಾಂವ ತನಗ ಜೀವ ಆದದ್ದೊಂದು ತಿನಿಸು ಅಲ್ಲೇ ಬಿಟ್ಟು ಬರಬೇಕು. ಆಮ್ಯಾಲೆ ಈ ಜನ್ಮದಾಗ ಮುಟ್ಟಂಗಿಲ್ಲ. ನಿಮ್ಮ ಅತ್ತಿ ಕಾಶಿಯೊಳಗ ಪೇರಲಹಣ್ಣು ಬಿಟ್ಟಿದ್ಲಲ್ಲ, ಹಂಗ. ಜಗನ್ನಾಥ ಬೆಲ್ಲ ಬಿಟ್ಟ, ಸಾಯೋತನಕ ಸಪ್ಪನ ಚಹಾ ಕುಡದ. ನಾ ದಂಡಿ ಮ್ಯಾಲೆ ನಿಂತು, ಎದಿ ಗಟ್ಟಿ ಮಾಡಿ, "ಶಿವನ, ಬದನಿಕಾಯಿ ನಿನಗ ಬಿಟ್ಟೆ" ಅಂದೆ. ಕಣ್ಣಾಗ ನೀರು ಬಂತವ್ವಾ. ಮನಷಾ ಸುಳ್ಳು ಹೇಳಬಹುದು. ಬಿಟ್ಟ ತಿನಿಸು ಸುಳ್ಳು ಹೇಳತೈತೇನು?

...

ಯಾಕ ಸೌಟು ಕೆಳಗಿಟ್ಟಿ?

ನನ್ನ ಮಾರಿ ಯಾಕ ಹಂಗ... ಮಾರಿ ಅಲ್ಲ. ತಾಟು ನೋಡಾಕ ಹತ್ತೀದಿ.

ಇದು ಎಣ್ಣಿಗಾಯಿ. ಎಣ್ಣಿಗಾಯಿ ಬ್ಯಾರೆ, ಬದನಿಕಾಯಿ... ಮಾರ್ಕೆಟ್ಟಿನಿಂದ ನಾನ ಆರಿಸಿ ತಂದೇನಿ, ಖರೆ.

ನಗೂದಾದ್ರ ನಗು. ಹಂಗ ನೋಡಬ್ಯಾಡ.

ಆತವ್ವಾ. ಧಾಂಚೋದಾಗ ಎದಿ ಹಿಡಕೊಂತು, ಕುದರಿ ಮ್ಯಾಲೆ ಹಾಕಿ ಕೆಳಗ ಕಳಿಸಿದ್ರು. ಮ್ಯಾಲೆ ಹೋದಾಂವ ಜಗನ್ನಾಥ. ಏನ ಮಾಡೂದು? ಸರೋವರ ಕಂಡಿದ್ರ ಈ ವಯಸ್ಸಿನ್ಯಾಗ ನಿನ್ನ ಬೆನ್ನ ಯಾಕ ಹತ್ತತಿದ್ದೆ?

ಇರ್ಲಿ ಬಿಡು. ನೀಡು, ಇನ್ನೊಂದು ಬದನಿಕಾಯಿ ನೀಡು. ಇನ್ನಾ ಬಿಟ್ಟಿಲ್ಲಲ್ಲ.