ಬಸುರಿಗೆ ಕಟ್ಟಿದ ಬೆಲ್ಟು

ನಾನು ರಂಸೀನ, ಗಂಡ ಅಶ್ಕರ್, ವಯಸ್ಸು 26, ಕಸುಬು ಹೊಲಿಗೆ, ವಾಸ ಮಲಪ್ಪುರಂ ಜಿಲ್ಲೆಯ ಕೊಂಡೋಟ್ಟಿ, ಸದ್ಯ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಇರುವವಳು, ಈ ಮೂಲಕ ಪೊಲೀಸರಿಗೆ ತಿಳಿಸುವುದೇನೆಂದರೆ:

ನನ್ನ ಅಣ್ಣ ನೌಫಲ್ ನಿನ್ನೆ ಕೊಟ್ಟ ದೂರನ್ನು ನಾನು ಒಪ್ಪುವುದಿಲ್ಲ. ಗಗನಸಖಿ ಜಿನ್ಸಿ ಎಂಬಾಕೆ ತುಂಬಿದ ಬಸುರಿಯನ್ನು ದೂಡಿ ಮೈಮೇಲೆ ಬಿದ್ದಳೆಂದು ಅವನು ಬರೆಸಿದ್ದಾನೆ. ಆ ಹೊತ್ತಿಗೆ ಅವನು ವಿಮಾನ ನಿಲ್ದಾಣದ ಹೊರಗೆ ಚಹಾ ಕುಡಿಯುತ್ತಿದ್ದ. ವಿಮಾನದೊಳಗೆ ಇದ್ದವಳು ನಾನು.

ನನಗೀಗ ಏಳನೇ ತಿಂಗಳು. ಏಳರಲ್ಲಿ ಹುಡುಗಿಯನ್ನು ತವರಿಗೆ ಕರೆತರುವುದು ನಮ್ಮ ಪದ್ಧತಿ. ಗಂಡ ಮಸ್ಕತ್‌ನಲ್ಲಿ ಬೇಕರಿ ಕೆಲಸದಲ್ಲಿರುವುದರಿಂದ ನನ್ನ ತಾಯಿ, ಉಮ್ಮ ಕದೀಸುಮ್ಮ, ಅಲ್ಲಿಗೇ ಬಂದು ನನ್ನನ್ನು ಹೊರಡಿಸಿದರು. ದಿನಾಂಕ 17ರಂದು ಬೆಳಿಗ್ಗೆ ವಿಮಾನ ಹತ್ತಿದೆವು. ನನ್ನದು ಹಜಾರದ ಬದಿಯ ಸೀಟು, ಉಮ್ಮನದು ಪಕ್ಕದ್ದು.

ಬಸುರಿಯ ಹೊಟ್ಟೆಗೆ ಏನನ್ನೂ ಬಿಗಿಯಬಾರದು, ಲಂಗದ ಲಾಡಿಯನ್ನೂ ಸಡಿಲವಾಗಿಯೇ ಕಟ್ಟಬೇಕು, ಇಲ್ಲದಿದ್ದರೆ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತದೆ ಎಂದು ಉಮ್ಮನ ನಂಬಿಕೆ. ಜಿನ್ಸಿ ಬಂದು ನನಗೆ ಬೆಲ್ಟು ಹಾಕಿದಳು. ಅಕ್ಕ ಎನ್ನುವ ಹಾಗೆ ಕರೆದು, ಇತ್ತಾ, ಇದು ಹೊಟ್ಟೆ ಮೇಲಲ್ಲ, ಹೊಟ್ಟೆ ಕೆಳಗೆ ತೊಡೆ ಮೇಲೆ ಕೂರ್ಬೇಕು, ಮಗೂಗೆ ಏನೂ ಆಗಲ್ಲ ಅಂದಳು. ಅವಳು ಆಚೆ ಹೋದದ್ದೇ ತಡ, ಉಮ್ಮ ಕೊಂಡಿ ಬಿಚ್ಚಿ ಮೇಲೆ ಶಾಲು ಹೊದಿಸಿದರು. ಅವಳಿಗೇನ್ ಗೊತ್ತು, ಹೆತ್ತಿದಾಳಾ ಅವಳು ಎಂದರು. ಜಗಳ ಬೇಡವೆಂದು ನಾನೂ ಶಾಲನ್ನು ಮೇಲಕ್ಕೆಳೆದುಕೊಂಡೆ.

ಇಳಿಯಲು ಸುಮಾರು ಅರ್ಧ ಗಂಟೆ ಇರುವಾಗ ವಿಮಾನ ಅಲುಗಾಡಿತು. ಬೆಲ್ಟಿನ ದೀಪ ಹತ್ತಿತು. ಎಲ್ಲರೂ ಕೂತು ಬೆಲ್ಟು ಹಾಕಬೇಕೆಂದು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಸಾರಿದರು. ಮಲಯಾಳಂನಲ್ಲಿ ಸಾರಲಿಲ್ಲ. ಉಮ್ಮನಿಗೆ ಬರುವುದು ಅದೊಂದೇ. ಜಿನ್ಸಿ ಮತ್ತೆ ಬಂದು ಶಾಲಿನ ಕಡೆ ನೋಡಿ ಬೆಲ್ಟು ಇದೆಯೇ ಎಂದು ಕೇಳಿದಾಗ ಉಮ್ಮ, ಹಾಕಿದೆ ಹಾಕಿದೆ, ನಿದ್ದೆ ಮಾಡ್ತಿದಾಳೆ, ಎಬ್ಬಿಸ್ಬೇಡ ಮೋಳೆ, ನನ್ನ ಮಗಳೇ ಅಂದುಬಿಟ್ಟರು. ನಾನು ಕಣ್ಣು ಮುಚ್ಚಿದ್ದೆ ನಿಜ, ನಿದ್ದೆ ಮಾಡಿರಲಿಲ್ಲ.

ಅವಳು ತನ್ನ ಸೀಟಿಗೆ ಹೋಗಲು ಎರಡು ಹೆಜ್ಜೆ ಇಟ್ಟಿರಬಹುದು. ವಿಮಾನ ದಡಕ್ಕನೆ ಕೆಳಕ್ಕೆ ಕುಸಿಯಿತು. ನಾನು ಸೀಟಿನಿಂದ ಮೇಲೆದ್ದೆ. ಶಾಲು ಹಾರಿತು. ಯಾ ಅಲ್ಲಾ, ಆ ಕ್ಷಣ ಮಗು ಹೋಯಿತೆಂದೇ ಅಂದುಕೊಂಡೆ. ಜಿನ್ಸಿ ತಿರುಗಿ ನೋಡಿದವಳೇ ಹಾರಿ ಬಂದು, ಹೊಟ್ಟೆಯನ್ನು ಮುಟ್ಟದೆ, ನನ್ನ ಭುಜವನ್ನೂ ತೊಡೆಯನ್ನೂ ಸೀಟಿಗೆ ಒತ್ತಿ ಹಿಡಿದಳು. ಮತ್ತೊಮ್ಮೆ ಕುಸಿದಾಗಲೂ ನನ್ನನ್ನು ಬಿಡಲಿಲ್ಲ. ತನ್ನನ್ನು ಹಿಡಿದುಕೊಳ್ಳಲು ಅವಳಿಗೆ ಕೈಯೇ ಉಳಿದಿರಲಿಲ್ಲ. ಅವಳು ಮೇಲಕ್ಕೆ ಹೋಗಿ ಬಿದ್ದು, ಬಲ ಹೆಗಲ ಮೂಳೆ ಮುರಿಯಿತು. ಆ ಮುರಿದ ಹೆಗಲಿನಲ್ಲೇ ಎಡಗೈಯಿಂದ ನನ್ನ ಕೊಂಡಿ ಹಾಕಿದಳು.

ನಮ್ಮಿಬ್ಬರನ್ನೂ ಇದೇ ಆಸ್ಪತ್ರೆಗೆ ತಂದರು. ಇಲ್ಲಿ ನರ್ಸಮ್ಮ ಮಗುವಿನ ಎದೆಬಡಿತ ಕೇಳಲು ಎರಡು ಪಟ್ಟಿ ತಂದು ನನ್ನ ಹೊಟ್ಟೆಗೆ ಕಟ್ಟಲು ಬಂದರು. ಉಮ್ಮ ಅಡ್ಡ ನಿಂತು, ಇಲ್ಲೂ ಕಟ್ತೀರಾ, ನಿಮಗೆಲ್ಲ ಏನಾಗಿದೆ ಎಂದು ಕೂಗಾಡಿದರು. ಕಟ್ಟದೆ ಇದ್ರೆ ಮಗು ಹೇಗಿದೆ ಅಂತ ನೀವೇ ಒಳಗೆ ಹೋಗಿ ನೋಡ್ಕೊಂಡ್ ಬರ್ತೀರಾ ಉಮ್ಮ ಎಂದು ನರ್ಸಮ್ಮ ಕೇಳಿ, ಕಟ್ಟಿಯೇ ಬಿಟ್ಟರು. ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ ಬಡಿತ ಕೇಳಿತು, ನನ್ನ ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮನೆ. ಉಮ್ಮ ನೆಲದ ಮೇಲೆ ಕೂತು ಅತ್ತರು. ನರ್ಸಮ್ಮ ಪಟ್ಟಿ ಬಿಚ್ಚಲು ಬಂದಾಗ ಅವರ ಕೈ ಹಿಡಿದು, ಇರ್ಲಿ ಮೋಳೆ, ಇನ್ನೊಂಚೂರು ಹೊತ್ತು ಕಟ್ಟಿರ್ಲಿ ಎಂದರು.

ನಿನ್ನೆ ವಿಮಾನ ಕಂಪನಿಯ ಅಧಿಕಾರಿಯೊಬ್ಬರು ಬಂದರು. ಬೆಲ್ಟು ನೋಡುವುದು ಜಿನ್ಸಿಯ ಕೆಲಸ, ನೋಡದ ತಪ್ಪಿಗೆ ಅವಳನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ, ನಿಮ್ಮ ದೂರೂ ಇದೆಯಲ್ಲ ಎಂದರು. ಅವಳು ಒಮ್ಮೆ ತಾನೇ ಹಾಕಿದ್ದಳು, ಇನ್ನೊಮ್ಮೆ ಬಂದು ಕೇಳಿದ್ದಳು. ನಮಗೆ ತಿಳಿಯುವ ಭಾಷೆಯಲ್ಲಿ ಸಾರದೇ ಇದ್ದದ್ದು ಕಂಪನಿಯ ಪಾಲು, ಅದನ್ನು ಅವರು ಹೊರಲಿ. ಹಾಕಿದ್ದನ್ನು ಬಿಚ್ಚಿದ್ದು ನಮ್ಮ ಪಾಲು. ಜಿನ್ಸಿಯ ಪಾಲಿಗೆ ಬಂದದ್ದು ಮುರಿದ ಮೂಳೆ ಮಾತ್ರ. ವಿಮಾನವನ್ನು ಕುಲುಕಿದ ಗಾಳಿಗೆ ಯಾರನ್ನು ಬೈಯಲಿ?

ಉಮ್ಮನ ಹೆಸರು ಹೇಳಬೇಕಲ್ಲ ಎಂದು ಬರೆಸುವ ಮೊದಲು ನನಗೆ ಸಂಕಟವಾಗಿತ್ತು. ಈ ಬೆಳಿಗ್ಗೆ ಅವರೇ ಅಕ್ಕಿಹಿಟ್ಟಿನ ಪತ್ತಿರಿ ರೊಟ್ಟಿ ಮಾಡಿ ಒಯ್ದು ಜಿನ್ಸಿಗೆ ಕೈಯಾರೆ ತಿನ್ನಿಸಿ ಬಂದು, ನೌಫಲ್‌ಗೆ, ಬಾಯ್ಮುಚ್ಚೋ, ನಿನ್ನ ತಂಗಿ ಮಗಳನ್ನ ಉಳಿಸಿದೋಳು ಅವಳು, ಹುಟ್ಟೋದು ಹೆಣ್ಣೇ ನೋಡ್ತಿರು ಎಂದು ಬೈದರು. ಆಮೇಲೆ ಹೇಳಿಕೆ ಬರೆದುಕೊಳ್ಳುತ್ತಿರುವ ತಮ್ಮ ಮುಂದೆ ಕೂತು, ಬಿಚ್ಚಿದ್ದು ನಾನು ಅಂತ ದಪ್ಪಕ್ಷರದಲ್ಲಿ ಬರ್ಕೊಳ್ಳಿ ಸಾರ್, ಕಟ್ಟಿದೋಳು ಆ ಹುಡುಗಿ ಜಿನ್ಸಿ ಎಂದರು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಹೇಳಿದ್ದೇ ಬರೆದಿದೆ, ಹೇಳಿದ್ದು ನಿಜ. ಹೇಳುವಷ್ಟು ಹೊತ್ತೂ ಮಗು ಒಳಗಿನಿಂದ ಒದೆಯುತ್ತಿತ್ತು, ಅದನ್ನೂ ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಸ್ಥಳ: ಕೊಂಡೋಟ್ಟಿ
ದಿನಾಂಕ: 19-07-2024

(ಸಹಿ) ರಂಸೀನ
ಸಾಕ್ಷಿ: ಕದೀಸುಮ್ಮ, ಬಿಚ್ಚಿದ ಕೈಯ ಹೆಬ್ಬೆಟ್ಟು