ಕನೆಕ್ಷನ್ ಸಿಗ್ತಿಲ್ಲ

...ಇಲ್ಲ ಅಕ್ಕ, ಡೇಟಾಬೇಸ್ ನಡೀತಾನೇ ಇತ್ತು! ಮೊದಲು ನೋಡಿದ್ದೇ ಅದನ್ನ. ನೀವು ರಿಟೈರ್ ಆಗೋ ತನಕ ತಲೆ ಮೇಲೆ ಮೊಟಕಿ ಮೊಟಕಿ ಕಲಿಸಿದ್ದು, ಮರೀತೀನಾ? ಪಾಸ್‌ವರ್ಡ್ ಸರಿ, ಪೋರ್ಟ್ ಸರಿ, ನೆಟ್‌ವರ್ಕ್ ಸರಿ. ನಮ್ಮ ಜಾವಾ ಪ್ರೋಗ್ರಾಂ ಮಹಾರಾಯಂದು ಮಾತ್ರ ಒಂದೇ ರಾಗ... ಕನೆಕ್ಷನ್ ಸಿಗ್ತಿಲ್ಲ, ಕನೆಕ್ಷನ್ ಸಿಗ್ತಿಲ್ಲ!

ಅಯ್ಯೋ, ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ. ಇಲ್ಲಿ ಕೂತ್ಕೊಳ್ಳಿ. ಏನ್ ನೋಡ್ತಿದೀರಿ? ಹೂಂ, ಆಫೀಸೆಲ್ಲಾ ಖಾಲಿ. ಈಗ ಎಲ್ಲರದೂ ಮನೆಯಿಂದಲೇ ಕೆಲಸ. ನಾನೊಬ್ಬಳೇ ಬರೋದು.

ಬ್ಲಡ್ ಬ್ಯಾಂಕಿಂದ ಫೋನ್ ಮೇಲೆ ಫೋನ್! ಹೆರಿಗೆ ವಾರ್ಡಲ್ಲಿ ಒಬ್ಬಳಿಗೆ ರಕ್ತ ಬೇಕು, ಯಾವ ಗುಂಪು ಎಷ್ಟಿದೆ ಅಂತ ಸ್ಕ್ರೀನಲ್ಲಿ ಬರ್ತಾನೇ ಇಲ್ಲ. ಕೊನೆಗೆ ಅಲ್ಲಿನ ಡಾಕ್ಟರಮ್ಮನೇ ಫ್ರಿಜ್ ತೆಗೆದು ಒಂದೊಂದೇ ಚೀಲ ತಡಕಾಡಿದ್ರಂತೆ. ತಾಯಿ, ಮಗು ಇಬ್ಬರೂ ಚೆನ್ನಾಗಿದಾರೆ... ಸದ್ಯ.

ಲಾಗಲ್ಲಿ ಬರೆದಿದ್ದನ್ನೆಲ್ಲ ಜಾಲಾಡಿದೆ. ನೋಡಿದ್ರೆ... ಪೂಲಲ್ಲಿ ಎಲ್ಲರಿಗೂ ಅಂತ ಇಟ್ಟಿದ್ದ ಕನೆಕ್ಷನ್ ಒಂದೂ ಉಳಿದಿಲ್ಲ! ಹೊಸ ರಿಪೋರ್ಟ್ ಒಂದಿದೆಯಲ್ಲ, ಅದರ ಕೆಲಸ. ಕನೆಕ್ಷನ್ ಇಸ್ಕೊಳ್ಳುತ್ತೆ, ನಡುವೆ ಎಡವಿದ್ರೆ ವಾಪಸ್ ಕೊಡದೇ ಹೋಗ್ಬಿಡುತ್ತೆ. ಪಕ್ಕದ ಮನೆಯವರು ಪಾತ್ರೆ ಇಸ್ಕೊಂಡು ಹೋದ ಹಾಗೆ! ಯಾಕೆ ನಗ್ತೀರಿ? ನಿಜ ಅಕ್ಕ! ಎಡವಲಿ ಬಿಡಲಿ, ತಗೊಂಡಿದ್ದನ್ನ ಕೊಟ್ಟೇ ಹೋಗ್ಬೇಕು ಅಂತ ಒಂದು ಸಾಲು ಹಾಕ್ದೆ...

ಅಂದ್ರೆ... ಹಾಕ್ಬೇಕು. ನೀವೊಂದ್ಸಲ ನೋಡಿ ಹೇಳಿದ್ರೆ... ಇರಿ, ಸ್ಕ್ರೀನ್ ಆಮೇಲೆ ನೋಡಿದ್ರಾಯ್ತು, ಮೊದಲು ಟೀ... ಅಕ್ಕ?

ಹೂಂ. ನಡೀತಿದೆ. ನಿಮಗೆ ಫೋನ್ ಮಾಡೋ ಹೊತ್ತಿಗೇ... ಸರಿಹೋಗಿತ್ತು.

ಬೈಯಿರಿ. ಮಂಡಿನೋವು ಇಟ್ಕೊಂಡು ಬಸ್ಸಲ್ಲಿ ನಿಂತು ಬಂದಿದೀರಿ. ಬೈಯಿರಿ ಅಕ್ಕ! ಸರಿಯಾಯ್ತು ಅಂತ ಎಲ್ಲರಿಗೂ ಮೆಸೇಜ್ ಹಾಕಿದ್ದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದ್ರು, ಓದು ಬಾರದವರ ಹಾಗೆ. ಒಬ್ಬರಾದ್ರೂ ಬಾಯ್ಬಿಟ್ಟು ಹೇಗಾಯ್ತು, ಏನಾಯ್ತು ಅಂತ... ಮನೇಲಿ ಹೇಳ್ಕೊಳ್ಳೋಣ ಅಂದ್ರೆ, ಅಮ್ಮ ಹೋದ್ಮೇಲೆ ಅಲ್ಲಿ ಯಾರಿದಾರೆ? ಅವಳಿಗೆ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಆದ್ರೂ 'ಆಮೇಲೆ? ಆಮೇಲೆ?' ಅಂತ ಕೇಳೋಳು...

ಯಾಕೆ ಹಾಗೆ ನೋಡ್ತೀರಿ? ...ಹೂಂ. ಅಮ್ಮ ಹೋಗಿದ್ದನ್ನ ನಿಮಗೂ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಮಾರನೇ ವಾರವೇ ಬಂದು ಇಲ್ಲಿ ಕೂತೆ.

ಏನಾದ್ರೂ ಅನ್ನಿ ಅಕ್ಕ...

ಬೇಡ. ಏನೂ ಬೇಡ. ನಿಮ್ಮ ಕೈ ಹಾಗೇ ನನ್ನ ಮೇಲಿರಲಿ.